ಅಂಗಡಿ ಬೋರ್ಡಿಗೆ ಪರವಾನಗಿ: ದಂಡದ ಖರ್ಚೇ, ಕಾಯುವ ಕಾಗದವೇ?



ಜುಮಾ ನಮಾಝಿನ ಬಳಿಕ ವ್ಯಾಪಾರಿ ಸಹೋದರರು ನಮ್ಮಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚಾಗಿ ಝಕಾತ್, ಸಾಲ, ಪಾಲುದಾರಿಕೆಗೆ ಸಂಬಂಧಿಸಿದವು. ಈಚೆಗೆ ಅಂಗಡಿಯ ಬೋರ್ಡಿನ ಪ್ರಶ್ನೆಯೂ ಅವುಗಳ ಜೊತೆ ಸೇರಿದೆ. "ಹಝ್ರತ್, ಬಾಡಿಗೆ ಕಟ್ಟುತ್ತೇವೆ, ಉದ್ದಿಮೆ ಪರವಾನಗಿಗೆ ಕಟ್ಟುತ್ತೇವೆ, ಜಿಎಸ್‌ಟಿ ಕಟ್ಟುತ್ತೇವೆ. ನಮ್ಮ ಅಂಗಡಿಗೆ ನಮ್ಮ ಹೆಸರಿನ ಬೋರ್ಡ್ ಹಾಕಲು ಇನ್ನೊಂದು ಅನುಮತಿ ಯಾಕೆ? ನಮ್ಮ ಬೀದಿಯಲ್ಲಿ ಯಾರೂ ತೆಗೆದುಕೊಂಡಿಲ್ಲ. ಕಚೇರಿಗೆ ಅಲೆದು, ದುಡ್ಡು ಕಟ್ಟಿ ನಮಗೇನು ಲಾಭ?" ಎಂದು ಕೇಳುತ್ತಾರೆ.

ಇದು ಕಡೆಗಣಿಸುವ ಪ್ರಶ್ನೆಯಲ್ಲ. ಸಣ್ಣ ವ್ಯಾಪಾರಿಗೆ ಒಂದು ದಿನ ಅಂಗಡಿ ಮುಚ್ಚಿದರೆ ಆ ದಿನದ ಸಂಪಾದನೆಯೇ ಇಲ್ಲ. ಹಾಗಾಗಿ "ಕಾನೂನು ಇದೆ, ಪಾಲಿಸಿ" ಎಂದಷ್ಟೇ ಹೇಳಿ ಕಳಿಸುವುದು ನ್ಯಾಯವಾಗದು. ಖರ್ಚು ಎಲ್ಲಿದೆ, ಲಾಭ ಎಲ್ಲಿದೆ, ಶರೀಅತ್ ಏನು ಹೇಳುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ನಮ್ಮ ಗೋಡೆಗೆ ಒತ್ತಿಕೊಂಡಿರುವ ಪುಟ್ಟ ಹೆಸರು ಫಲಕದ ವಿಷಯ ಸಣ್ಣದು, ಒಮ್ಮೆ ವಿಚಾರಿಸಿಕೊಂಡರೆ ಮುಗಿಯುತ್ತದೆ. ಆದರೆ ರಸ್ತೆಯ ಕಡೆಗೆ ಚಾಚಿದ, ತಾರಸಿಯ ಮೇಲೆ ನಿಂತ, ಕರೆಂಟ್ ಹರಿಯುವ, ಇನ್ನೊಂದು ಕಂಪನಿಯ ಜಾಹೀರಾತು ಹೊತ್ತ ಬೋರ್ಡಿಗೆ ಅನುಮತಿ ಪಡೆಯಲೇಬೇಕು. ಅದಕ್ಕೆ ಕೊಡುವ ಶುಲ್ಕಕ್ಕಿಂತ ಅದರಿಂದ ಸಿಗುವ ರಕ್ಷಣೆ ದೊಡ್ಡದು. ಬೋರ್ಡ್ ನಮ್ಮದಾಗಿದ್ದರೂ ಅದರ ಕೆಳಗಿನ ದಾರಿ ಎಲ್ಲರದು.

ಎಲ್ಲ ಬೋರ್ಡೂ ಒಂದೇ ಅಲ್ಲ

"ಬೋರ್ಡ್" ಎಂಬ ಒಂದೇ ಮಾತಿನಲ್ಲಿ ನಾವು ಹಲವು ವಸ್ತುಗಳನ್ನು ಕರೆಯುತ್ತೇವೆ. ಬಾಗಿಲ ಮೇಲೆ ಬಣ್ಣದಲ್ಲಿ ಬರೆಸಿದ ಹೆಸರು ಒಂದು ಬಗೆ. ಕಬ್ಬಿಣದ ಚೌಕಟ್ಟಿಗೆ ಹಾಳೆ ಬಿಗಿದು ಒಳಗೆ ದೀಪ ಕೂರಿಸಿದ ಗ್ಲೋ ಸೈನ್ ಬೋರ್ಡ್ ಇನ್ನೊಂದು. ದೂರದಿಂದ ಕಾಣಲೆಂದು ರಸ್ತೆಗೆ ಅಡ್ಡವಾಗಿ ಚಾಚುವ ಬೋರ್ಡ್, ಕಟ್ಟಡದ ತಲೆಯ ಮೇಲೆ ನಿಲ್ಲಿಸುವ ದೊಡ್ಡ ಫಲಕ, ಫುಟ್‌ಪಾತ್ ಮೇಲೆ ಇಡುವ ಸ್ಟ್ಯಾಂಡ್, ಇವೆಲ್ಲ ಬೇರೆ ಬೇರೆ. ಅಪಾಯವೂ ಬೇರೆ, ನಿಯಮವೂ ಬೇರೆ.

ಸ್ವಂತ ಅಂಗಡಿಯಲ್ಲಿ ಸ್ವಂತ ವ್ಯಾಪಾರದ ಹೆಸರನ್ನು ಮಾತ್ರ ತಿಳಿಸುವ ಫಲಕವನ್ನು ಸ್ಥಳೀಯ ಸಂಸ್ಥೆಗಳ ನಿಯಮಗಳು ಸಾಮಾನ್ಯವಾಗಿ ಜಾಹೀರಾತು ಫಲಕಕ್ಕಿಂತ ಬೇರೆಯಾಗಿ ನೋಡುತ್ತವೆ. ಇಲ್ಲಿ ಹಲವರು ಎಡವುವ ಜಾಗವೊಂದಿದೆ. ತಂಪು ಪಾನೀಯದ ಕಂಪನಿಯೋ ಮೊಬೈಲ್ ಕಂಪನಿಯೋ "ಬೋರ್ಡ್ ಉಚಿತವಾಗಿ ಮಾಡಿಸಿಕೊಡುತ್ತೇವೆ" ಎನ್ನುತ್ತದೆ. ಬೋರ್ಡಿನ ಮುಕ್ಕಾಲು ಭಾಗ ಕಂಪನಿಯ ಹೆಸರು, ಮೂಲೆಯಲ್ಲಿ ನಮ್ಮ ಅಂಗಡಿಯ ಹೆಸರು. ಕಚೇರಿಯ ಕಣ್ಣಿಗೆ ಅದು ಜಾಹೀರಾತಾಗಿ ಕಾಣಬಹುದು. ನೋಟಿಸ್ ಬರುವ ಹೊತ್ತಿಗೆ ಬೋರ್ಡ್ ಕೊಟ್ಟ ಪ್ರತಿನಿಧಿ ಊರು ಬದಲಿಸಿರುತ್ತಾನೆ, ಉತ್ತರ ಕೊಡಬೇಕಾದವರು ನಾವು. ಉಚಿತದ ಬೋರ್ಡ್ ಒಪ್ಪುವ ಮುನ್ನ ಶುಲ್ಕ ಯಾರದು, ಜವಾಬ್ದಾರಿ ಯಾರದು ಎಂದು ಬರಹದಲ್ಲಿ ಕೇಳಿಕೊಳ್ಳಿ.

"ಜಿಎಸ್‌ಟಿ ಕಟ್ಟುತ್ತೇವಲ್ಲ" ಎಂಬ ಮಾತಿಗೂ ಉತ್ತರ ಇಲ್ಲಿದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಜಾಹೀರಾತಿನ ಮೇಲಿನ ತೆರಿಗೆ ಅದರೊಳಗೆ ಸೇರಿಹೋಯಿತು. ಫಲಕಕ್ಕೆ ಅನುಮತಿ ಕೊಡುವ, ಬೇಡವೆನ್ನುವ ಅಧಿಕಾರ ಮಾತ್ರ ಸ್ಥಳೀಯ ಸಂಸ್ಥೆಯಲ್ಲೇ ಉಳಿಯಿತು. ತೆರಿಗೆ ಬೇರೆ, ಅನುಮತಿ ಬೇರೆ.

ಗಾಳಿಯ ಲೆಕ್ಕ

ಅನುಮತಿಯನ್ನು ಸರ್ಕಾರಕ್ಕೆ ದುಡ್ಡು ಕಟ್ಟುವ ದಾರಿ ಎಂದಷ್ಟೇ ನೋಡುವವರು ಈ ಲೆಕ್ಕವನ್ನು ಒಮ್ಮೆ ಮಾಡಬೇಕು.

ಹತ್ತು ಅಡಿ ಉದ್ದ, ನಾಲ್ಕು ಅಡಿ ಎತ್ತರದ ಬೋರ್ಡ್ ನಮ್ಮ ಪೇಟೆಗಳಲ್ಲಿ ಸಾಮಾನ್ಯ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಅದಕ್ಕೆ ಎದುರಾಗಿ ಬೀಸಿದರೆ ಬೋರ್ಡಿನ ಮೇಲೆ ಬೀಳುವ ಒತ್ತಡ ಸುಮಾರು 23 ಕೆ.ಜಿ. ಭಾರಕ್ಕೆ ಸಮ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. 72 ಕಿಲೋಮೀಟರ್ ವೇಗಕ್ಕೆ ಅದು ಸುಮಾರು 90 ಕೆ.ಜಿ. ಅಂದರೆ ಬೋರ್ಡಿನ ಸ್ವಂತ ತೂಕದ ಜೊತೆಗೆ ದಪ್ಪನೆಯ ಮನುಷ್ಯನೊಬ್ಬ ಅದಕ್ಕೆ ಜೋತುಬಿದ್ದು ಎಳೆದಂತೆ. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆಯಲ್ಲಿ ಇಂಥ ಗಾಳಿ ಅಪರೂಪವಲ್ಲ. ಗೋಡೆಯ ಗಾರೆಗೆ ಹೊಡೆದ ನಾಲ್ಕು ಮೊಳೆ, ಮೂರು ಮಳೆಗಾಲ ಕಂಡು ತುಕ್ಕು ಹಿಡಿದ ಕಂಬಿ ಇದನ್ನು ಎಷ್ಟು ಹೊತ್ತು ತಡೆದಾವು?

2024ರ ಮೇ 13ರಂದು ಮುಂಬೈಯ ಘಾಟ್ಕೋಪರ್‌ನಲ್ಲಿ ನಡೆದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಧೂಳಿನ ಬಿರುಗಾಳಿಗೆ ದೈತ್ಯ ಜಾಹೀರಾತು ಫಲಕ ಪೆಟ್ರೋಲ್ ಬಂಕ್ ಮೇಲೆ ಉರುಳಿತು. 17 ಜನ ಪ್ರಾಣ ಕಳೆದುಕೊಂಡರು. ಅಲ್ಲಿನ ಮಹಾನಗರ ಪಾಲಿಕೆ ಒಪ್ಪುವ ಗರಿಷ್ಠ ಅಳತೆ 40 ಅಡಿಗೆ 40 ಅಡಿ. ಬಿದ್ದ ಫಲಕ ಸುಮಾರು 120 ಅಡಿಗೆ 120 ಅಡಿ. ಅದಕ್ಕೆ ಪಾಲಿಕೆಯ ಅನುಮತಿ ಇರಲಿಲ್ಲ, ಜಾಗಕ್ಕೆ ಸಂಬಂಧಿಸಿದ ಇನ್ನೊಂದು ಇಲಾಖೆಯ ಒಪ್ಪಿಗೆಯ ಮೇಲೆ ಅದು ನಿಂತಿತ್ತು. ನಮ್ಮ ಬೋರ್ಡ್ ಅಷ್ಟು ದೊಡ್ಡದಲ್ಲ, ನಿಜ. ಆದರೆ ಆ ಘಟನೆಯಿಂದ ಎರಡು ಪಾಠ ನಮಗೂ ಸಲ್ಲುತ್ತವೆ. ಒಂದು, ಅಳತೆಯ ಮಿತಿಯನ್ನು ಸುಮ್ಮನೆ ಇಟ್ಟಿರುವುದಿಲ್ಲ. ಎರಡು, ಕಾಗದ ಸರಿಯಾದ ಕಚೇರಿಯದ್ದಾಗಿರಬೇಕು. ಯಾರೋ ಒಬ್ಬರು "ಹಾಕಿಕೊಳ್ಳಿ" ಎಂದರೆ ಅದು ಅನುಮತಿಯಾಗದು.

ಒಳ್ಳೆಯ ಪರವಾನಗಿ ಪದ್ಧತಿ ಕೇಳುವ ಪ್ರಶ್ನೆಗಳು ಇವೇ: ಎಷ್ಟು ದೊಡ್ಡದು? ಎಷ್ಟು ಎತ್ತರದಲ್ಲಿದೆ? ರಸ್ತೆಗೆ ಎಷ್ಟು ಚಾಚಿದೆ? ಯಾವುದಕ್ಕೆ ಬಿಗಿದಿದ್ದೀರಿ? ಕರೆಂಟ್ ಎಲ್ಲಿಂದ? ಸಿಗ್ನಲ್ ದೀಪ, ಬೀದಿದೀಪ ಮರೆಯಾಗುತ್ತದೆಯೇ? ಬೋರ್ಡ್ ಮಾಡುವವನು ಇವನ್ನು ಕೇಳುವುದು ಕಡಿಮೆ. ಅವನಿಗೆ ಅಕ್ಷರ ಹೊಳೆಯಬೇಕು, ಬಿಲ್ ಬರಬೇಕು, ಅಷ್ಟೆ.

ಫಿಕ್ಹ್ ಗ್ರಂಥಗಳಲ್ಲಿ ದಾರಿಯ ಹಕ್ಕು

ಇದು ಹೊಸ ಕಾಲದ ಸಮಸ್ಯೆ ಎಂದು ತಿಳಿಯಬೇಡಿ. ನಮ್ಮ ಫಿಕ್ಹ್ ವಿದ್ವಾಂಸರು ನೂರಾರು ವರ್ಷಗಳ ಹಿಂದೆಯೇ ಇದನ್ನು ಚರ್ಚಿಸಿದ್ದಾರೆ. ಆಗ ಗ್ಲೋ ಸೈನ್ ಇರಲಿಲ್ಲ. ಮನೆಯಿಂದ ಬೀದಿಗೆ ಚಾಚುವ ಮಾಡು, ಮಳೆನೀರಿನ ದೋಣಿ, ಅಂಗಡಿಯ ಜಗಲಿ ಇದ್ದವು.

ಹನಫೀ ಮದ್‌ಹಬ್‌ನ ಪ್ರಸಿದ್ಧ ಗ್ರಂಥ ಅಲ್‌-ಹಿದಾಯದಲ್ಲಿ ದಾರಿಯಲ್ಲಿ ಜನ ಮಾಡಿಕೊಳ್ಳುವ ನಿರ್ಮಾಣಗಳ ಬಗ್ಗೆಯೇ ಒಂದು ಅಧ್ಯಾಯವಿದೆ. ಅದರ ಸಾರ ಹೀಗಿದೆ: ಸಾರ್ವಜನಿಕ ದಾರಿಗೆ ಏನನ್ನಾದರೂ ಚಾಚಿದರೆ ದಾರಿಹೋಕರಲ್ಲಿ ಯಾರು ಬೇಕಾದರೂ ಅದನ್ನು ತೆಗೆಯುವಂತೆ ಕೇಳಬಹುದು. ಅದು ಬಿದ್ದು ಯಾರಾದರೂ ಸತ್ತರೆ ಪರಿಹಾರದ ಹೊಣೆ ಚಾಚಿದವನ ಕಡೆಯವರ ಮೇಲೆ ಬರುತ್ತದೆ. ದಾರಿಯಲ್ಲಿ ಬಾವಿ ತೋಡಿದವನ ವಿಷಯದಲ್ಲಿ ಇನ್ನೊಂದು ಮಾತು ಬರುತ್ತದೆ. ಆಡಳಿತದ ಆದೇಶದಂತೆ ಮಾಡಿದವನು ಅತಿಕ್ರಮಣಕಾರನಲ್ಲ, ಆದ್ದರಿಂದ ಅವನ ಮೇಲೆ ಆ ಹೊಣೆ ಇಲ್ಲ. ಹೇಳದೆ ಕೇಳದೆ ಮಾಡಿದವನು ಹೊಣೆಗಾರ. ಇಂದು ನಾವು ಪರವಾನಗಿ ಎನ್ನುವುದರ ಬೆಲೆಯನ್ನು ವಿದ್ವಾಂಸರು ಅಂದೇ ಗುರುತಿಸಿದ್ದರು.

ವಾಲಿದ ಗೋಡೆಯ ಬಗ್ಗೆಯೂ ಅಲ್ಲಿ ನಿಯಮವಿದೆ. ಗೋಡೆ ರಸ್ತೆಯ ಕಡೆಗೆ ವಾಲಿದೆ, ತೆಗೆಯಿರಿ ಎಂದು ಮಾಲೀಕನಿಗೆ ಹೇಳಿದ ಮೇಲೂ, ಸಮಯವಿದ್ದೂ, ಅವನು ಸುಮ್ಮನಿದ್ದು ಅದು ಬಿದ್ದರೆ ಅವನೇ ಹೊಣೆ. ಪಕ್ಕದ ಅಂಗಡಿಯವರು "ಭಾಯಿ, ನಿಮ್ಮ ಬೋರ್ಡ್ ಅಲ್ಲಾಡುತ್ತಿದೆ" ಎಂದು ಹೇಳಿದ ದಿನದಿಂದ ನಮ್ಮ ಸ್ಥಿತಿ ಬದಲಾಗುತ್ತದೆ ಎಂಬುದನ್ನು ಇದರಿಂದ ತಿಳಿಯಬೇಕು.

ಕರಾವಳಿಯ ನಮ್ಮ ಸಹೋದರರಲ್ಲಿ ಹೆಚ್ಚಿನವರು ಶಾಫಿಈ ಮದ್‌ಹಬ್‌ನವರು. ಇಮಾಮ್ ನವವೀ ಅವರ ಮಿನ್‌ಹಾಜ್‌ನಲ್ಲಿ ಅಳತೆಯ ಮಾತೇ ಬರುತ್ತದೆ. ದಾರಿಗೆ ಚಾಚಿದ್ದು ದಾರಿಹೋಕರಿಗೆ ತೊಂದರೆ ಕೊಡಬಾರದು. ಕೆಳಗೆ ಮನುಷ್ಯ ಬೆನ್ನು ಬಾಗಿಸದೆ ನೆಟ್ಟಗೆ ನಡೆದುಹೋಗುವಷ್ಟು ಎತ್ತರದಲ್ಲಿರಬೇಕು. ಸವಾರರ ದಾರಿಯಾದರೆ ಅಂಬಾರಿ ಹೊತ್ತ ಒಂಟೆ ದಾಟುವಷ್ಟು ಎತ್ತರ ಬೇಕು. ಮಳೆನೀರಿನ ದೋಣಿ ಇಡಲು ಅವಕಾಶವಿದ್ದರೂ ಅದರಿಂದಾದ ಹಾನಿಗೆ ಇಟ್ಟವನೇ ಪರಿಹಾರ ಕೊಡಬೇಕು. ಒಂಟೆಯ ಜಾಗದಲ್ಲಿ ಇಂದು ಸರಕು ತುಂಬಿದ ಲಾರಿಯನ್ನೂ ಶಾಲೆಯ ಬಸ್ಸನ್ನೂ ಇಟ್ಟುಕೊಳ್ಳಿ, ನಿಯಮ ಹಾಗೆಯೇ ಇದೆ.

ದಾರಿಯಿಂದ ತೊಂದರೆ ಕೊಡುವ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಮುಳ್ಳನ್ನು ಎತ್ತಿ ಬದಿಗಿಡುವುದಕ್ಕೇ ಅಷ್ಟು ಪುಣ್ಯವಿದ್ದರೆ, ತಲೆಯ ಮೇಲೆ ಕಬ್ಬಿಣ ತೂಗುಹಾಕಿ ಮರೆತುಬಿಡುವುದರ ಲೆಕ್ಕ ಏನಾದೀತು? ಪರವಾನಗಿ ಇದ್ದರೂ ಮೊಳೆ ಸಡಿಲವಾಗಿದ್ದರೆ ಅಲ್ಲಾಹನ ಮುಂದೆ ಆ ಕಾಗದ ನೆರವಿಗೆ ಬರುವುದಿಲ್ಲ. ಅನುಮತಿ ಮತ್ತು ಎಚ್ಚರ ಎರಡೂ ಸೇರಬೇಕು.

ಕನ್ನಡದ ಅರುವತ್ತು ಭಾಗ

ನಮ್ಮ ರಾಜ್ಯದಲ್ಲಿ ಬೋರ್ಡ್ ಮಾಡಿಸುವವರು ಮರೆಯಬಾರದ ಇನ್ನೊಂದು ನಿಯಮವಿದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022ರದ್ದು. 2024ರ ತಿದ್ದುಪಡಿಯ ಪ್ರಕಾರ ಅಂಗಡಿ, ಹೋಟೆಲ್, ಆಸ್ಪತ್ರೆ ಮೊದಲಾದ ಸಂಸ್ಥೆಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು, ಮತ್ತು ಕನ್ನಡ ಫಲಕದ ಮೇಲಿನ ಅರ್ಧದಲ್ಲಿರಬೇಕು. ಉಳಿದ ಭಾಗದಲ್ಲಿ ಉರ್ದು, ಇಂಗ್ಲಿಷ್ ಬರೆಸಲು ಅಡ್ಡಿಯಿಲ್ಲ.

ಕನ್ನಡ ನಮ್ಮ ಮಕ್ಕಳು ಓದುವ ಭಾಷೆ, ಗಿರಾಕಿಗಳ ಜೊತೆ ನಾವು ಮಾತಾಡುವ ಭಾಷೆ. ಅದನ್ನು ಮೇಲೆ ಬರೆಸಲು ನಮಗೆ ಸಂಕೋಚವೇನೂ ಇಲ್ಲ. ನಷ್ಟವಾಗುವುದು ನಿಯಮ ತಿಳಿಯದೆ ಬೋರ್ಡ್ ಮಾಡಿಸಿದಾಗ. ದುಬಾರಿ ಬೋರ್ಡ್ ಹಾಕಿಸಿ ಆರು ತಿಂಗಳಲ್ಲಿ ಕಿತ್ತು ಮತ್ತೆ ಬರೆಸುವ ಬದಲು ಮಾದರಿ ಚಿತ್ರವನ್ನು ಮೊದಲೇ ಕಚೇರಿಯಲ್ಲಿ ತೋರಿಸಿದರೆ ಆ ದುಡ್ಡು ಉಳಿಯುತ್ತದೆ. ಹಾಳೆಯ ವಿಷಯದಲ್ಲೂ ಅಷ್ಟೆ. 2016ರಲ್ಲೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲಗಳ ಜೊತೆಗೆ ಫ್ಲೆಕ್ಸ್, ಪ್ಲಾಸ್ಟಿಕ್ ಬ್ಯಾನರ್‌ಗಳನ್ನೂ ನಿಷೇಧಿಸಿದೆ. ಅಗ್ಗ ಎಂದು ಫ್ಲೆಕ್ಸ್ ಹಾಕಿದರೆ ಅದು ಮಳೆಗಾಲದಲ್ಲಿ ಹರಿಯುತ್ತದೆ, ನೋಟಿಸಿಗೂ ದಾರಿಯಾಗುತ್ತದೆ.

ಬಿಸ್ಮಿಲ್ಲಾ ಅಥವಾ ಆಯತ್‌ಗಳನ್ನು ಬೋರ್ಡಿನಲ್ಲಿ ಬರೆಸುವ ಸಹೋದರರಿಗೆ ಒಂದು ಮಾತು. ಆ ಬೋರ್ಡ್ ಹಳೆಯದಾದ ಮೇಲೆ ಎಲ್ಲಿ ಹೋಗುತ್ತದೆ ಎಂಬುದನ್ನು ಇಂದೇ ಯೋಚಿಸಿ. ಅಲ್ಲಾಹನ ನಾಮವಿರುವ ಹಾಳೆ ಗುಜರಿಯಲ್ಲಿ, ಚರಂಡಿಯಲ್ಲಿ ಬೀಳಬಾರದು. ಅಂಗಡಿಯ ಒಳಗೆ ಎತ್ತರದ ಗೋಡೆಯೇ ಅದಕ್ಕೆ ಒಳ್ಳೆಯ ಜಾಗ.

ಓಡಾಟ, ಮಧ್ಯವರ್ತಿ ಮತ್ತು ಲಂಚ

ಈಗ ಕಷ್ಟದ ಮಾತಿಗೆ ಬರೋಣ. ಶುಲ್ಕಕ್ಕಿಂತ ಜನರನ್ನು ಹೆದರಿಸುವುದು ಅಲೆದಾಟ. "ನಾಳೆ ಬನ್ನಿ" ಎಂಬ ಉತ್ತರ, ಇಲ್ಲದ ತಪ್ಪು ಹುಡುಕುವ ಗುಮಾಸ್ತ, ಬಾಗಿಲಲ್ಲೇ ಕಾಯುವ ಮಧ್ಯವರ್ತಿ. ಇವೆಲ್ಲ ಇವೆ ಎಂಬುದನ್ನು ನಾವು ಮುಚ್ಚಿಡುವುದಿಲ್ಲ.

ಅರ್ಜಿ ತುಂಬಿ, ಚಿತ್ರ ತಯಾರಿಸಿ ಕೊಡುವವನಿಗೆ ಕೂಲಿ ಕೊಡುವುದು ಹಲಾಲ್, ಅದು ಅವನ ಕೆಲಸದ ಪ್ರತಿಫಲ. ಮಿತಿ ಮೀರಿದ ಬೋರ್ಡಿಗೆ ಕಣ್ಣು ಮುಚ್ಚಿಕೊಳ್ಳಲು ಕೊಡುವ ದುಡ್ಡು ಲಂಚ. ಲಂಚ ಕೊಡುವವನನ್ನೂ ಪಡೆಯುವವನನ್ನೂ ಪ್ರವಾದಿ(ಸ)ರು ಶಪಿಸಿದ್ದಾಗಿ ಹದೀಸ್‌ಗಳಲ್ಲಿ ಬಂದಿದೆ. ನಾಡಿನ ಕಾನೂನೂ ಈಗ ಅದೇ ದಿಕ್ಕಿನಲ್ಲಿದೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಂದ ತಿದ್ದುಪಡಿಯ ಮೇಲೆ ಲಂಚ ಕೊಡುವುದೂ ಅಪರಾಧ. ಒತ್ತಾಯಕ್ಕೆ ಸಿಲುಕಿ ಕೊಟ್ಟವರು 7 ದಿನಗಳೊಳಗೆ ದೂರು ಕೊಟ್ಟರೆ ಅವರಿಗೆ ರಕ್ಷಣೆಯಿದೆ. ನಮ್ಮ ರಾಜ್ಯದಲ್ಲಿ ಅಂಥ ದೂರಿಗೆ ಲೋಕಾಯುಕ್ತವಿದೆ.

ಅಲೆದಾಟ ಕಡಿಮೆ ಮಾಡಲು ಒಂದು ದಾರಿ ಅರ್ಜಿಯನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯುವುದು. 2011ರ ಸಕಾಲ ಕಾಯ್ದೆಯ ಅಡಿ ಬರುವ ಸೇವೆಗಳಿಗೆ ದಿನದ ಗಡುವು ಇರುತ್ತದೆ, ಸ್ವೀಕೃತಿ ಸಂಖ್ಯೆಯೂ ಸಿಗುತ್ತದೆ. ಬಾಯಿಮಾತಿನಲ್ಲಿ ಕೇಳಿದವನನ್ನು ನಾಳೆ ಬಾ ಎಂದು ಕಳಿಸಬಹುದು. ಸಂಖ್ಯೆ ಹಿಡಿದು ಬಂದವನಿಗೆ ಹಾಗೆ ಹೇಳುವುದು ಕಷ್ಟ. ಇನ್ನೊಂದು ದಾರಿ ಒಟ್ಟಾಗಿ ಹೋಗುವುದು. ಒಂದೇ ಬೀದಿಯ ಹತ್ತು ಅಂಗಡಿಯವರು ಧರ್ಮ, ಜಾತಿ ನೋಡದೆ ಸೇರಿ ಒಂದೇ ದಿನ ಅರ್ಜಿ ಕೊಟ್ಟರೆ ಒಬ್ಬೊಬ್ಬರೂ ಹತ್ತು ಸಲ ಅಲೆಯುವುದು ತಪ್ಪುತ್ತದೆ.

ನೋಟಿಸ್ ಬಂದ ದಿನ

ಪರವಾನಗಿಯ ಬೆಲೆ ಗೊತ್ತಾಗುವುದು ಎರಡು ದಿನ: ಬೋರ್ಡ್ ಬಿದ್ದ ದಿನ ಮತ್ತು ನೋಟಿಸ್ ಬಂದ ದಿನ.

ಬೋರ್ಡ್ ಬಿದ್ದು ಯಾರಿಗಾದರೂ ಪೆಟ್ಟಾದರೆ ಪೊಲೀಸರು ಮೊದಲು ಕೇಳುವ ಪ್ರಶ್ನೆ "ಅನುಮತಿ ಇದೆಯೇ?" ಎಂಬುದು. ವಿಮೆ ಕೇಳಿಕೊಂಡು ಹೋದರೆ ಅಲ್ಲೂ ದಾಖಲೆ ಕೇಳುತ್ತಾರೆ. ಅನುಮತಿ ಇಲ್ಲದ ಬೋರ್ಡಾದರೆ ಅಪಘಾತವೆಂದು ವಿವರಿಸಲು ಹೊರಟವನ ಮಾತು ಮೊದಲ ಪ್ರಶ್ನೆಗೇ ನಿಂತುಹೋಗುತ್ತದೆ.

ನೋಟಿಸ್ ವಿಷಯ ಇನ್ನೂ ಸೂಕ್ಷ್ಮ. ತೆರವು ಕಾರ್ಯಾಚರಣೆ ನಡೆದಾಗ "ನಮ್ಮ ಬೀದಿಗೆ ಮಾತ್ರ ಬಂದರು, ನಮ್ಮವರನ್ನೇ ಗುರಿ ಮಾಡಿದರು" ಎಂಬ ನೋವು ಹಲವರಲ್ಲಿದೆ. ಆ ನೋವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಅನ್ಯಾಯವನ್ನು ಪ್ರಶ್ನಿಸಲು ಕೈಯಲ್ಲಿ ಕಾಗದ ಬೇಕು. ಪರವಾನಗಿ, ರಸೀದಿ, ಅಳತೆಯ ಚಿತ್ರ ಇರುವವನು ಅಧಿಕಾರಿಯ ಮುಂದೆ, ವಕೀಲರ ಮುಂದೆ, ನ್ಯಾಯಾಲಯದ ಮುಂದೆ ತಲೆಯೆತ್ತಿ ನಿಲ್ಲುತ್ತಾನೆ. ಏನೂ ಇಲ್ಲದವನು ನ್ಯಾಯದ ಬದಲು ದಯೆ ಕೇಳಬೇಕಾಗುತ್ತದೆ. ದಯೆ ಅಧಿಕಾರಿಯ ಮನಸ್ಸಿಗೆ ಬಿಟ್ಟದ್ದು, ನ್ಯಾಯ ನಮ್ಮ ಹಕ್ಕು. "ಯಾರೂ ತೆಗೆದುಕೊಂಡಿಲ್ಲ" ಎಂಬ ಮಾತು ಅಂದು ಯಾರನ್ನೂ ಕಾಯುವುದಿಲ್ಲ.

ಹೊಸ ಬೋರ್ಡ್ ಹಾಕುವವರಿಗೆ

ಮೊದಲು ಕಟ್ಟಡದ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಬಾಡಿಗೆ ಕಟ್ಟಿದ ಮಾತ್ರಕ್ಕೆ ಹೊರಗೋಡೆ, ತಾರಸಿ ನಮ್ಮದಾಗುವುದಿಲ್ಲ. ಮೇಲಂತಸ್ತಿನವರ ಕಿಟಕಿ ಮುಚ್ಚದಂತೆ, ಪಕ್ಕದವರ ಬೋರ್ಡ್ ಮರೆಯಾಗದಂತೆ ಅವರನ್ನೂ ಕೇಳಿ. ನೆರೆಯವರ ಹಕ್ಕು ಯಾವ ಅರ್ಜಿಯಲ್ಲೂ ಬರೆದಿರದಿದ್ದರೂ ಇದ್ದೇ ಇದೆ.

ಎರಡನೆಯದಾಗಿ, ನಿಮ್ಮ ಊರಿನ ಗ್ರಾಮ ಪಂಚಾಯಿತಿ, ಪುರಸಭೆ, ನಗರಸಭೆ ಅಥವಾ ಮಹಾನಗರ ಪಾಲಿಕೆಯಲ್ಲಿ ವಿಚಾರಿಸಿ. ಅಳತೆಯ ಮಿತಿ, ಶುಲ್ಕ, ನವೀಕರಣ ಊರಿಂದ ಊರಿಗೆ ಬದಲಾಗುತ್ತವೆ. ರಾಷ್ಟ್ರೀಯ ಹೆದ್ದಾರಿಯ ಜಾಗಕ್ಕೆ ಚಾಚುವುದಾದರೆ 2002ರ ಹೆದ್ದಾರಿ ಭೂಮಿ ಕಾಯ್ದೆ ಅನ್ವಯವಾಗುತ್ತದೆ, ಪಂಚಾಯಿತಿಯ ಒಪ್ಪಿಗೆ ಮಾತ್ರ ಸಾಲದು.

ಮೂರನೆಯದಾಗಿ, ಚೌಕಟ್ಟನ್ನು ಗಾರೆಗೆ ಬಿಗಿಯದೆ ಕಾಂಕ್ರೀಟಿನ ತೊಲೆಗೆ ಬೋಲ್ಟ್ ಹಾಕಿ ಬಿಗಿಸಿ. ದೀಪವಿರುವ ಬೋರ್ಡಿಗೆ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ನಿಂದಲೇ ಲೈನ್ ಎಳೆಸಿ, ಅರ್ಥಿಂಗ್ ಮಾಡಿಸಿ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ ಹಾಕಿಸಿ. ಮಳೆಯಲ್ಲಿ ಒದ್ದೆಯಾದ ಕಬ್ಬಿಣದ ಚೌಕಟ್ಟನ್ನು ಶಾಲೆಯ ಮಗು ಮುಟ್ಟಬಹುದು ಎಂಬುದು ನೆನಪಿರಲಿ.

ನಾಲ್ಕನೆಯದಾಗಿ, ಕಾಗದಗಳನ್ನೆಲ್ಲ ಒಂದು ಫೈಲಿನಲ್ಲಿಟ್ಟು ಅಂಗಡಿಯಲ್ಲೇ ಇಡಿ, ಫೋನಿನಲ್ಲಿ ಫೋಟೊ ಇರಲಿ. ಮಳೆಗಾಲಕ್ಕೆ ಮೊದಲು, ಅಂದರೆ ಏಪ್ರಿಲ್‌ನಲ್ಲೇ, ಏಣಿ ಹಾಕಿ ತುಕ್ಕು, ಬೋಲ್ಟ್ ಪರೀಕ್ಷಿಸಿ. ಅಂಗಡಿ ಬಿಡುವಾಗ ಖಾಲಿ ಚೌಕಟ್ಟನ್ನು ಬಿಚ್ಚಿಸಿಯೇ ಹೋಗಿ.

ನಮ್ಮ ಸಂಸ್ಥೆಗಳಿಗೂ ಇದೇ ಮಾತು

ಈ ಮಾತು ವ್ಯಾಪಾರಿಗಳಿಗೆ ಮಾತ್ರ ಹೇಳಿದ್ದಲ್ಲ. ಮೀಲಾದ್, ರಮಝಾನ್, ಮದ್ರಸದ ವಾರ್ಷಿಕೋತ್ಸವ, ಮದುವೆಗಳಿಗೆ ರಸ್ತೆಯ ಮೇಲೆ ಕಟ್ಟುವ ಬ್ಯಾನರ್, ಕಮಾನುಗಳಿಗೂ ಇದು ಸಲ್ಲುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ಚೆನ್ನೈಯಲ್ಲಿ ಅನುಮತಿಯಿಲ್ಲದೆ ಕಟ್ಟಿದ್ದ ಮದುವೆಯ ಬ್ಯಾನರ್ ಸ್ಕೂಟರ್‌ನಲ್ಲಿ ಹೋಗುತ್ತಿದ್ದ 23 ವರ್ಷದ ಯುವತಿಯ ಮೇಲೆ ಬಿತ್ತು. ಆಯತಪ್ಪಿ ಬಿದ್ದ ಆಕೆಯ ಮೇಲೆ ಹಿಂದಿನಿಂದ ಬಂದ ಟ್ಯಾಂಕರ್ ಹರಿಯಿತು. ಯಾರದೋ ಮನೆಯ ಸಂತೋಷಕ್ಕೆ ಇನ್ನೊಂದು ಮನೆಯ ಮಗಳು ಹೋದಳು. ನಮ್ಮ ದೀನಿನ ಹೆಸರಿನಲ್ಲಿ ಕಟ್ಟಿದ ಬ್ಯಾನರ್‌ನಿಂದ ಹೀಗಾದರೆ ನಾವು ಯಾವ ಮುಖ ಹೊತ್ತು ಮಿಂಬರ್ ಏರುವುದು? ಜಮಾಅತ್ ಸಮಿತಿಗಳು ಬ್ಯಾನರ್ ಕಟ್ಟುವ ಮೊದಲು ಅನುಮತಿ ಪಡೆಯಲಿ, ಕಾರ್ಯಕ್ರಮ ಮುಗಿದ ಮರುದಿನವೇ ಬಿಚ್ಚಿಸಲಿ.

ಹಾಗಾದರೆ ಪರವಾನಗಿ ಲಾಭವೇ? ಶುಲ್ಕವನ್ನು ವರ್ಷದ ದಿನಗಳಿಗೆ ಹಂಚಿ ನೋಡಿ. ಒಂದು ಕಡೆ ಆ ದಿನದ ಪಾಲು, ಇನ್ನೊಂದು ಕಡೆ ಯಾರದೋ ತಲೆಯ ಸುರಕ್ಷತೆ, ಕಿತ್ತು ಹಾಕುವ ಭಯವಿಲ್ಲದ ಬೋರ್ಡ್, ಪ್ರಶ್ನೆ ಬಂದಾಗ ತೋರಿಸಲು ಕಾಗದ, ಹಲಾಲ್ ದುಡಿಮೆಗೆ ಬೇಕಾದ ನೆಮ್ಮದಿ. ಸಾಧ್ಯವಾದರೆ ಇದೇ ವಾರ ಅಂಗಡಿಯ ಮುಂದೆ ಎರಡು ನಿಮಿಷ ನಿಂತು ನಿಮ್ಮ ಬೋರ್ಡನ್ನು ಒಮ್ಮೆ ಮೇಲೆ ನೋಡಿ. ಅದು ಯಾವುದಕ್ಕೆ ಬಿಗಿದಿದೆ, ಕೆಳಗೆ ಯಾರು ನಡೆದಾಡುತ್ತಾರೆ ಎಂದು ಗಮನಿಸಿ. ಆಮೇಲೆ ಕಚೇರಿಗೆ ಹೋಗುವುದು ಭಾರವೆನಿಸದು.

ಅಲ್ಲಾಹನು ನಮ್ಮ ದುಡಿಮೆಯಲ್ಲಿ ಬರಕತ್ ನೀಡಲಿ. ನಮ್ಮ ಕೈಯಿಂದ, ನಮ್ಮ ವಸ್ತುಗಳಿಂದ ಯಾರಿಗೂ ತೊಂದರೆಯಾಗದಂತೆ ಕಾಪಾಡಲಿ. ಆಮೀನ್.